ಉಲ್ಕೆಯ ಸಿಳ್ಳೆ ಕೇಳಿಸಿದವರು

ರೇಡಿಯೋ ಸಾಹೇಬರ ನೆತ್ತಿಯ ಮೇಲೆ ಕಿವಿಯಿಂದ ಕಿವಿಗೆ ಒಂದು ತಗ್ಗು ಇತ್ತು. ದೊಡ್ಡ ಯುದ್ಧದಲ್ಲಿ ಬರ್ಮಾ ಕಡೆ ವೈರ್‌ಲೆಸ್ ಕೆಲಸದಲ್ಲಿದ್ದಾಗ ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ಅಲ್ಲಿ ಕೂದಲೇ ಬೆಳೆಯದೆ ಹೋಗಿತ್ತಂತೆ. ಶಿಡ್ಲಘಟ್ಟದಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ರಿಪೇರಿಗೆ ರೇಡಿಯೋ ತಂದವರಿಗೆ ಮೊದಲು ಟೀ ಕೊಟ್ಟು, "ಏನಾಯ್ತು ಅಂತ ನೀವು ಹೇಳ್ಬೇಡಿ, ಅದೇ ಹೇಳ್ಲಿ" ಅನ್ನುತ್ತಿದ್ದರು.

ಚೀನಾ ಯುದ್ಧದ ಆ ಚಳಿಗಾಲ ನನ್ನ ಯಜಮಾನರು ಗಡಿಯಲ್ಲಿದ್ದರು. ತಿಂಗಳಾದರೂ ಕಾಗದವಿಲ್ಲ. ಒಂದು ಬೆಳಗಿನ ಜಾವ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಲೆಂದು ಎದ್ದ ನಮ್ಮತ್ತೆ, ಮಗನಿದ್ದ ಉತ್ತರದ ಕಡೆ ಚುಕ್ಕಿ ಉದುರಿದ್ದನ್ನು ಕಂಡರು. ಚುಕ್ಕಿ ಉದುರಿದರೆ ಒಂದು ಜೀವ ಹೋಯಿತೆಂದೇ ನಮ್ಮವರ ನಂಬಿಕೆ. ಅತ್ತೆ ಅಳಲಿಲ್ಲ. ಮನೆಗೆ ಸೂತಕ ಬಂತೆಂದು ಮನಸ್ಸಿನಲ್ಲೇ ತೀರ್ಮಾನಿಸಿ ಹುಳುಮನೆಗೆ ಚಿಲಕ ಹಾಕಿ ಕೂತರು. ಮೈಲಿಗೆಯಲ್ಲಿ ಹುಳು ಮುಟ್ಟುವಂತಿಲ್ಲ. ನನ್ನನ್ನೂ ಒಳಗೆ ಬಿಡಲಿಲ್ಲ. ನನ್ನ ಹಣೆಯ ಕುಂಕುಮದ ಕಡೆ ನೋಡುವುದನ್ನೇ ನಿಲ್ಲಿಸಿದರು. ಒಳಗೆ, ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಕಳೆದು ಹಸಿದೆದ್ದ ಹುಳುಗಳು.

ಅತ್ತೆಯನ್ನು ಅಕ್ಕ ಎಂದೇ ಕರೆಯುತ್ತಿದ್ದ ಸಾಹೇಬರು ಸಂಜೆ ಗೋಡೆಯಾಚೆಯಿಂದ, "ಏನಮ್ಮ, ಅಕ್ಕ ಇವತ್ತು ಯಾರನ್ನೂ ಬೈದಂಗಿಲ್ಲ?" ಎಂದಾಗ ಎಲ್ಲ ಹೇಳಿಬಿಟ್ಟೆ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಮಿಲಿಟರಿಯ ಹಳೇ ರೇಡಿಯೋವನ್ನು ಗೋಡೆಯ ಮೇಲಿಟ್ಟು, ನುಗ್ಗೆಮರಕ್ಕೆ ತಾಮ್ರದ ತಂತಿ ಕಟ್ಟಿ ಅತ್ತೆಯನ್ನು ಕರೆದರು. ದೂರದ ಯಾವುದೋ ಸ್ಟೇಷನ್ನು, ಬರೀ ಮೊರೆತ. ಇದ್ದಕ್ಕಿದ್ದಂತೆ ಸಣ್ಣ ಸಿಳ್ಳೆಯೊಂದು ಮೇಲಿಂದ ಕೆಳಕ್ಕೆ ಜಾರಿ ಆರಿಹೋಯಿತು.

"ಇದು ಒಂದು ಚುಕ್ಕಿ."

"ಎಲ್ಲಿ? ನಂಗೆ ಕಾಣ್ಲಿಲ್ವಲ್ಲ."

"ಕಣ್ಣಿಗೆ ಕಾಣೋವು ಕಮ್ಮಿ ಅಕ್ಕಾ. ರಾಗಿಕಾಳಿನಷ್ಟು ಕಲ್ಲು. ಅಷ್ಟೆತ್ತರದಲ್ಲಿ ಉರಿದುಹೋಗುವಾಗ ಅಲ್ಲಿನ ಗಾಳಿಗೆ ಕರೆಂಟ್ ಹತ್ತುತ್ತೆ. ತಂತಿ ಎಳೆದಂಗೆ ಒಂದು ಗೆರೆ. ಸ್ಟೇಷನ್ನಿನ ಅಲೆ ಆ ಗೆರೆಗೆ ಬಡಿದು ನಮ್ಕಡೆ ಬೀಳುತ್ತೆ. ಗೆರೆ ಕರಗ್ತು, ಸಿಳ್ಳೆ ನಿಂತೋಯ್ತು."

ಮತ್ತೊಂದು. ಮಗದೊಂದು. ಅತ್ತೆ ಬೆರಳು ಮಡಿಸುತ್ತ ಹೋದರು. ತಮ್ಮ ಎರಡು ಕೈಯೂ ಮುಗಿದ ಮೇಲೆ ನನ್ನ ಕೈ ಎಳೆದುಕೊಂಡರು.

"ಒಂದೊಂದಕ್ಕೂ ಒಂದು ಜೀವ ಹೋಗೋದಾದ್ರೆ ದಿನಾ ಕೇಳೋ ನಾನೂ ಇರ್ತಿರ್ಲಿಲ್ಲ, ನನ್ನ ಬೈಯೋಕೆ ನೀವೂ ಇರ್ತಿರ್ಲಿಲ್ಲ."

"ಥೂ, ಬಿಡ್ತು ಅನ್ನಿ ಸಾಬ್ರೇ! ನನ್ನ ಮಗ ಹೆಂಗವ್ನೆ, ಅದನ್ನ ಹೇಳುತ್ತಾ ನಿಮ್ಮ ಪೆಟ್ಟಿಗೆ?"

ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅದಕ್ಕೆ ಗೊತ್ತಿಲ್ಲ ಅಕ್ಕಾ. ನಿಮ್ಮ ಚುಕ್ಕಿಗೂ ಗೊತ್ತಿಲ್ಲ."

ಅತ್ತೆ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದು ಚಿಲಕ ತೆಗೆದರು. "ನಿಂತ್ಕೊಂಡು ಏನೇ ನೋಡ್ತೀಯಾ, ಸೊಪ್ಪು ತಾ" ಎಂದರು, ನನ್ನ ಮುಖ ನೋಡಿಕೊಂಡೇ. ಕೆಲವು ಹುಳು ಸತ್ತಿದ್ದವು. ಉಳಿದವು ತಲೆ ಎತ್ತಿದವು.

ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುವ ಹೊತ್ತಿಗೆ ಮಿಲಿಟರಿ ಆಸ್ಪತ್ರೆಯಿಂದ ಕಾಗದ ಬಂತು. ಹಿಮಕ್ಕೆ ಕಾಲಿನ ಎರಡು ಬೆರಳು ಹೋಗಿದ್ದವು, ಯಜಮಾನರು ಉಳಿದಿದ್ದರು.

ನಾಲ್ಕೈದು ವರ್ಷಕ್ಕೆ ಸಾಹೇಬರು ತೀರಿಕೊಂಡಾಗ ಯಜಮಾನರು ಕುಂಟುತ್ತಲೇ ಹೋಗಿ ಹೆಗಲು ಕೊಟ್ಟರು. ಕಾಗದ ಬಂದದ್ದು ಸಾಹೇಬರಿಂದಲ್ಲ, ನಿಜ. ಅದು ಬರುವ ತನಕದ ಹದಿನೈದು ದಿನ ನಾನು ಕುಂಕುಮ ಇಟ್ಟುಕೊಂಡು, ಅತ್ತೆಯ ಎದುರಿಗೆ ತಲೆ ಎತ್ತಿ ಓಡಾಡಿದ್ದು ಮಾತ್ರ ಅವರಿಂದ.