ಮೂಗುತಿಯಿಂದ ಕಣ್ಣಿಗೆ

ಕ್ಯಾಮೆರಾ ಕಂಡರೆ ನನ್ನ ಅಕ್ಕನ ಕಣ್ಣು ಮುಚ್ಚಿಹೋಗುತ್ತದೆ. ಬೇಕೆಂದು ಮುಚ್ಚುವುದಲ್ಲ. ಫ್ಲ್ಯಾಶ್ ಹೊಡೆಯುವ ಮೊದಲೇ ರೆಪ್ಪೆ ಇಳಿದಿರುತ್ತದೆ. ಅವಳ ಮದುವೆಯ ಫೋಟೋದಲ್ಲಿ ಭಾವ ಕಣ್ಣರಳಿಸಿ ನಿಂತಿದ್ದಾರೆ, ಪಕ್ಕದಲ್ಲಿ ಇವಳಿಗೆ ನಿಂತಲ್ಲೇ ನಿದ್ದೆ. ಬಿಸಿಲಿಗೆ ಕರೆದುಕೊಂಡು ಹೋದರೆ ಕಣ್ಣಲ್ಲಿ ನೀರು. ಮನೆಮಂದಿಯೆಲ್ಲ ಇದನ್ನು ಹೇಳಿ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು.

ನಗು ನಿಂತದ್ದು ಅವಳ ಮಗನ ಮದುವೆಯಲ್ಲಿ. ನಮ್ಮ ಕಡೆ ಮದುವೆ ಎಂದರೆ ಮಸಿನಗುಡಿ ಜಂಕ್ಷನ್ನಿನಲ್ಲಿ ಫ್ಲೆಕ್ಸ್ ಬ್ಯಾನರ್ ಏಳಲೇಬೇಕು. ನಡುವೆ ಹುಡುಗ ಹುಡುಗಿ, ಸುತ್ತ ಮನೆಯ ಹಿರಿಯರ ಮುಖಗಳು. ಅಕ್ಕನದೂ ಇತ್ತು, ಕಣ್ಣು ಮುಚ್ಚಿಕೊಂಡು. ಗುಂಡ್ಲುಪೇಟೆಯಿಂದ ಬಂದ ನೆಂಟನೊಬ್ಬ ಅದನ್ನು ನೋಡಿಕೊಂಡು ಬಂದು ಛತ್ರದ ಬಾಗಿಲಲ್ಲಿ ನನ್ನ ಕೈ ಹಿಡಿದು, “ಅಕ್ಕೋರು ಯಾವಾಗ ತೀರ್ಕಂಡ್ರು? ನಮ್ಗ ಒಂದ್ ಮಾತು ತಿಳಿಸ್ನಿಲ್ಲ” ಎಂದ. ಅಕ್ಕ ನನ್ನ ಹಿಂದೆಯೇ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಅವತ್ತು ಅವಳು ಊಟಕ್ಕೆ ಕೂರಲಿಲ್ಲ.

ಈಗ ಮಗಳ ಮಗಳಿಗೆ ಮದುವೆ ಗೊತ್ತಾಯಿತು. “ನನ್ ಪಟ ಮಾತ್ರ ಹಾಕ್ಬ್ಯಾಡಿ” ಎಂದು ಅಕ್ಕ ಮೊದಲ ದಿನವೇ ಹೇಳಿಬಿಟ್ಟಳು. “ಅಜ್ಜಿ ಇಲ್ದಿರ ಬ್ಯಾನರೇ ನಂಗ ವೇಂಡಾಂ” ಎಂದು ಹುಡುಗಿಯೂ ತಮಿಳು ಬೆರೆಸಿ ಹಟ ಹಿಡಿದಳು. ಅಜ್ಜಿ ಮೊಮ್ಮಗಳು ಮಾತು ಬಿಟ್ಟರು. ಅವರಿಬ್ಬರ ನಡುವೆ ನಿಂತು ನಾನು ಮೀಸೆ ತಿರುವಿದೆ. ಅಕ್ಕನ ಕಣ್ಣು ತೆರೆದ ಪಟ ತೆಗೆಯದಿದ್ದರೆ ನಾನು ಲೇತ್ ಮುಟ್ಟಿದವನೇ ಅಲ್ಲ ಎಂದೆ.

ನಾನು ಪವರ್‌ಹೌಸಿನ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಆಯಸ್ಸು ಕಳೆದವನು. ಕೋಪ ಮೂಗಿನ ತುದಿಯಲ್ಲೇ. ನಿವೃತ್ತಿಯ ಮೇಲೆ ಹಿಡಿದ ಹುಚ್ಚು ಕ್ಯಾಮೆರಾದ್ದು, ಅದರಲ್ಲೂ ರೇಂಜ್‌ಫೈಂಡರ್ ಎಂಬ ಹಟಮಾರಿ ಜಾತಿಯದ್ದು. ಡಿಜಿಟಲ್ ಆದರೂ ಫೋಕಸ್ ಮಾತ್ರ ನಾವೇ ಮಾಡಬೇಕು. ಅದರ ಕಿಂಡಿಯಲ್ಲಿ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತ ಎರಡನ್ನೂ ಒಂದರ ಮೇಲೊಂದು ಕೂರಿಸಿದಾಗ ಚಿತ್ರ ಸ್ಪಷ್ಟ. ಕಿಂಡಿ ಮೂಲೆಯಲ್ಲಿರುವುದರಿಂದ ತೆಗೆಯುವವನ ಅರ್ಧ ಮುಖ ಹೊರಗೇ ಇರುತ್ತದೆ. ಅಕ್ಕನಿಗೆ ಬೇಕಾದದ್ದು ಅದೇ ಎಂದು ನನ್ನ ನಂಬಿಕೆ. ಫೋನು ಎತ್ತಿ ಹಿಡಿದರೆ ಅವಳಿಗೆ ಎದುರಿನವರ ಮುಖ ಕಾಣದೆ ರೆಪ್ಪೆ ಬಿಗಿಯುತ್ತಿತ್ತು. ಸಾಲದ್ದಕ್ಕೆ ಆ ಫೋನು ಅವಳ ಸುಕ್ಕುಗಳನ್ನೆಲ್ಲ ಅಳಿಸಿ ಮುಖಕ್ಕೆ ಮೈದಾ ಬಳಿದ ಹಾಗೆ ಮಾಡುತ್ತಿತ್ತು.

ಫ್ಲ್ಯಾಶೂ ಬೇಡ, ಬಿಸಿಲೂ ಬೇಡ ಎಂದರೆ ಅಡುಗೆಮನೆಯ ಮಬ್ಬಿನಲ್ಲೇ ತೆಗೆಯಬೇಕು. ಅದಕ್ಕೆ ಬಾಯಿ ದೊಡ್ಡದಿರುವ, ಬೆಳಕನ್ನು ಗಟಗಟ ಕುಡಿಯುವ ಲೆನ್ಸ್ ಬೇಕು. ಹೊಸದು ಕೊಳ್ಳುವ ಯೋಗ್ಯತೆ ನನಗಿಲ್ಲ. ಊಟಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಸತ್ತ ಕ್ಯಾಮೆರಾ ಒಂದು ಸಿಕ್ಕಿತು, ಮುಂದೆ ಕಾಫಿ ಲೋಟದಷ್ಟು ಅಗಲದ ಗಾಜು. ಊಟಿಯ ಮಂಜಿಗೆ ಗಾಜಿನ ತುಂಬ ಬೂಷ್ಟು ಹಿಡಿದಿತ್ತು. ನಮ್ಮೂರಿನ ಒಣಹವೆಗೆ ತಂದು, ಬಿಚ್ಚಿ ಒರೆಸಿ, ಹಳೇ ಮೈಯಿಂದ ಕಿತ್ತು, ಹಳೇ ವರ್ಕ್‌ಶಾಪಿನ ಲೇತಿನಲ್ಲಿ ಹಿತ್ತಾಳೆಯ ಬಳೆಯೊಂದನ್ನು ಕಡೆದು ಅದರ ಬಾಲಕ್ಕೆ ಕೂರಿಸಿದೆ. ಆ ಬಳೆ ನನ್ನ ಕ್ಯಾಮೆರಾದೊಳಗಿನ ಪುಟ್ಟ ಗಾಲಿಯನ್ನು ಒತ್ತಿ ವಸ್ತು ಎಷ್ಟು ದೂರವಿದೆಯೆಂದು ಹೇಳಬೇಕು. ಮನೆಯೆದುರಿನ ಬೆಟ್ಟದ ನೆತ್ತಿಯ ಒಂಟಿ ಮರಕ್ಕೆ ಹಿಡಿದು ನೋಡಿದೆ. ಎರಡು ಮರ ಒಂದಾಗಿ ಕೂತವು. ಗೆದ್ದೆ ಎಂದುಕೊಂಡು ಅಕ್ಕನ ಮನೆಗೆ ಓಡಿದೆ.

ಅವಳು ಅವರೆಕಾಯಿ ಸುಲಿಯುತ್ತ ನನ್ನ ಜೊತೆ ಮಾತಾಡುತ್ತಿದ್ದಳು. ತೆಗೆದೆ. ಕಣ್ಣು ತೆರೆದೇ ಇತ್ತು! ಆದರೆ ಮಬ್ಬು. ಮೂಗುತಿಯ ಹರಳು ಮಾತ್ರ ಮಿರಮಿರ ಮಿಂಚುತ್ತಿತ್ತು. ಮತ್ತೆ ಮತ್ತೆ ತೆಗೆದೆ, ಮತ್ತೆ ಮತ್ತೆ ಮೂಗುತಿ. ಲೆನ್ಸಿನ ಬಾಯಿ ಪೂರ್ತಿ ತೆರೆದಾಗ ಸ್ಪಷ್ಟವಾಗುವ ಜಾಗ ಬೆರಳಗಲವೂ ಇರುವುದಿಲ್ಲ. ಆ ಬೆರಳಗಲ ಮೂಗಿನ ಮೇಲೇ ಕೂತು ಏಳಲೊಲ್ಲದು. ಈ ಲೆನ್ಸೇ ಸರಿಯಿಲ್ಲ ಎಂದು ಕೂಗಾಡಿದೆ.

“ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ” ಎಂದಳು ಅಕ್ಕ. ಆಮೇಲೆ, “ಮೂಗುತೀನಾರೂ ಚೆಂದಾಗ್ ಬಂದದಲ್ಲ, ಅದ್ನೇ ಹಾಕ್ಸು ಬ್ಯಾನರ್ಗ” ಎಂದು ನಗಲು ಹೋದವಳು ನಗಲಿಲ್ಲ. ಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದು ಜಗಲಿಯಲ್ಲಿ ಕೂತು ಆ ಮರಕ್ಕೇ ಮತ್ತೆ ಹಿಡಿದೆ. ಮರ ಒಂದೇ. ಏನೂ ತಪ್ಪಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತು ಆಗ ತಲೆಗೆ ಬಂತು, ನನ್ನ ಬಾಯಿಂದ ನನ್ನನ್ನೇ ಒಂದು ಬೈಗುಳ ಹೊರಟಿತು. ಬೆಟ್ಟದ ತಪ್ಪಲಲ್ಲಿ ಹುಟ್ಟಿದವರಿಗೆ ಏನು ಅಳೆಯುವುದಿದ್ದರೂ ಕಣ್ಣು ಮೊದಲು ಬೆಟ್ಟಕ್ಕೇ ಹೋಗುತ್ತದೆ. ನನಗೆ ಬೇಕಾದವಳು ಬೆಟ್ಟದ ಮೇಲಿದ್ದಾಳೆಯೇ? ಮೂರು ಮಾರು ದೂರವೂ ಇಲ್ಲದೆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಾಳೆ. ನನ್ನ ಬಳೆ ದೂರಕ್ಕೆ ಸರಿ, ಹತ್ತಿರಕ್ಕೆ ತಪ್ಪು.

ಮರುದಿನ ಬೆಳಗ್ಗೆ ಅರ ಹಿಡಿದು ಅವಳ ಅಡುಗೆಮನೆಗೇ ಹೋದೆ. ಅವಳ ಮಣೆಯ ಮೇಲೆ ತೆಂಗಿನಕಾಯಿ ಇಟ್ಟು, ಅದರ ಕಣ್ಣಿಗೆ ಫೋಕಸ್ ಮಾಡಿ ತೆಗೆಯುವುದು, ನೋಡುವುದು, ಹಿತ್ತಾಳೆಯ ಬಳೆಯನ್ನು ಕೂದಲೆಳೆಯಷ್ಟು ಉಜ್ಜುವುದು, ಮತ್ತೆ ತೆಗೆಯುವುದು. ಕೈ ನಡುಗದ ಹಾಗೆ ಉಸಿರು ಕಟ್ಟಿ ಉಜ್ಜಿದೆ. ಕೊನೆಗೆ ಕಾಯಿಯ ಕಣ್ಣಿನ ನಾರು ಎಳೆ ಎಳೆಯಾಗಿ ಬಂತು. ಬಾಗಿಲಾಚೆ ಬೆಟ್ಟಕ್ಕೆ ಹಿಡಿದರೆ ಈಗ ಮರ ಎರಡು. ಇರಲಿ ಬಿಡು ಎಂದೆ.

“ಕಾಯೀದು ಪಟ ತಗೀತಾವ್ನೆ, ಇವ್ನ್ಗ ಏನ್ ಬಂತು ಕೇಡು!” ಎಂದು ಅಕ್ಕ ಕಾಯಿ ಎತ್ತಿ ಆಚೆಗಿಟ್ಟು ಮಣೆಯ ಮೇಲೆ ಕೂತಳು. “ಸಾರಿಗೆ ಬೇಕು ಕಣ್ಲಾ ಇದು” ಎಂದು ನನ್ನನ್ನೇ ದಿಟ್ಟಿಸಿ ಗದರಿದಳು. ಕಿಂಡಿಯಲ್ಲಿ ಇಬ್ಬರು ಅಕ್ಕಂದಿರು ಸರಿದು ಬಂದು ಒಬ್ಬಳಾದರು. ಒತ್ತಿದೆ.

ರೆಪ್ಪೆಯ ಒಂದೊಂದು ಕೂದಲೂ ಬಂದಿತ್ತು. ಬೂದಿ ಬಣ್ಣಕ್ಕೆ ತಿರುಗಿದ ಕಣ್ಣಾಲಿಯ ಅಂಚು, ಅದರೊಳಗೆ ಪುಟ್ಟದಾಗಿ ಕಿಟಕಿ, ಸಿಟ್ಟು, ಸಿಟ್ಟಿನ ಹಿಂದಿನ ನಗು, ಎಲ್ಲ ಬಂದಿತ್ತು. ಹಿಂದಿನ ಪಾತ್ರೆ ಪಡಗಗಳು ಮಂಜಿನಂತೆ ಕರಗಿಹೋಗಿದ್ದವು. ನಾನು “ಬಂತು! ಬಂತು!” ಎಂದು ಕಿರುಚಿದ್ದಕ್ಕೆ ಬೆಕ್ಕು ಓಡಿಹೋಯಿತು. ಮೊಮ್ಮಗಳು ಓಡಿಬಂದಳು. ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಕ್ಯಾಮೆರಾ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಹುಡುಗಿಯ ತಲೆ ಸವರಿ, “ಹಾಕ್ಸು” ಎಂದಳು.

ಬ್ಯಾನರ್ ಎದ್ದ ದಿನ ನಾನೇ ಅವಳನ್ನು ಜಂಕ್ಷನ್ನಿಗೆ ಕರೆದುಕೊಂಡು ಹೋದೆ. ಜೀಪಿನವರು, ಬಸ್ಸಿಗೆ ಕಾಯುವವರು, ಸಫಾರಿಗೆ ಬಂದವರು ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಹಾರುವ ಹಾಗಾಗಿತ್ತು. ಇಷ್ಟು ಜನರೆದುರು ಅವಳಿಗೆ ನಾಚಿಕೆಯಾದೀತೆಂದು, “ಹೋಗೋಣ್ವಾ ಅಕ್ಕ, ಎಲ್ಲಾರೂ ನಿನ್ನೇ ನೋಡ್ತಾವ್ರೆ” ಎಂದೆ.

ಅವಳು ಕದಲಲಿಲ್ಲ.

“ನೋಡ್ಲಿ ಬುಡ್ಲಾ” ಎಂದಳು. “ನಾನೂ ಅವ್ರ್ನೇ ನೋಡ್ತಾವ್ನಿ.”