ಮನೆಯಲ್ಲಿ ಕರೆಯುವ ಹೆಸರು

ಸಾಫ್ಟ್‌ವೇರ್ ಕೆಲಸಕ್ಕೆಂದು ಕೋಲ್ಕತ್ತಕ್ಕೆ ಬಂದವನು, ಇವತ್ತು ಅಕ್ಕ–ಭಾವನ ಜೊತೆ ನಗರದಂಚಿನ ಜೋಕಾದಾಚೆಯ ಪಾಚಿಗಟ್ಟಿದ ಕೊಳದ ದಡದಲ್ಲಿ ಓಝಾನ ಮುಂದೆ ಕೂತಿದ್ದೆ. ಓಝಾ ಎಂದರೆ ಇಲ್ಲಿಯ ಮಂತ್ರವಾದಿ. ಮಗು ಹೋದಾಗಿನಿಂದ ಅಕ್ಕ ಮಾತು ಬಿಟ್ಟಿದ್ದಾಳೆ, ಡಾಕ್ಟರುಗಳು ಕೈಚೆಲ್ಲಿದ್ದಾರೆ.

"ಇವಳ ಜೀವ ನೀರಿನ ಕಡೆ ಹೋಗಿಬಿಟ್ಟಿದೆ," ಎಂದು ಓಝಾ ಹಿಂದಿಯಲ್ಲಿ ಹೇಳಿದ. "ಮನೇಲಿ ಕರೆಯೋ ಹೆಸರು ಹಿಡಿದು ಕೂಗಿ, ವಾಪಸ್ ಬರುತ್ತೆ."

ಭಾವ ತಡವರಿಸಿದರು. ಹೆಂಡತಿಯನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಕೊನೆಗೆ ಮೆಲ್ಲಗೆ, "ಏನೇ..." ಎಂದರು.

ಅದೇ ಅವಳ ಹೆಸರೆಂದುಕೊಂಡ ಓಝಾ, ಬೇವಿನ ಸೊಪ್ಪು ಬೀಸುತ್ತ ಕೊಳದತ್ತ ಕೂಗತೊಡಗಿದ: "ಏನೇ! ಏನೇ!"

ನನಗೆ ನಗು ಬರಲಿಲ್ಲ. ಆ ಕರೆಗೆ ಇಷ್ಟು ವರ್ಷ ಅಡುಗೆಮನೆಯಿಂದ "ಬಂದೆ" ಎನ್ನುತ್ತಿದ್ದ ಅಕ್ಕ, ನೀರನ್ನೇ ನೋಡುತ್ತ ಕೂತಿದ್ದಳು.