ಆಳೆತ್ತರ ಕಡಿಮೆ ಬಿದ್ದ ಗುಡ್ಡ

ಮೊನ್ನೆ ಕೊಳ್ಳೇಗಾಲದ ನಮ್ಮ ಮನೆಯ ಮೇಲೆ ಇನ್ನೊಂದು ರೂಮು ಕಟ್ಟಲು ಬಂದ ಗಾರೆ ಮೇಸ್ತ್ರಿ ಚೀಲದಿಂದ ಉದ್ದನೆಯ ಲೆವೆಲ್ ಪೈಪು ತೆಗೆದು ನೀರು ತುಂಬಿಸಿದ. ಒಂದು ತುದಿ ಈ ಗೋಡೆಗೆ, ಇನ್ನೊಂದು ಆ ಗೋಡೆಗೆ. ಎರಡೂ ಕಡೆ ನೀರು ನಿಂತಲ್ಲಿ ಮಟ್ಟ. ನನಗೆ ನಮ್ಮ ಭೂಗೋಳದ ಮೇಷ್ಟ್ರು ನೆನಪಾಗಿಬಿಟ್ಟರು. ಆ ಪೈಪು ಹಿಡಿದು ಮನೆ ಕಟ್ಟುವವರನ್ನು ಎಲ್ಲರೂ ನೋಡಿರುತ್ತಾರೆ. ಗುಡ್ಡ ಅಳೆದ ಪುಣ್ಯಾತ್ಮ ಅವರೊಬ್ಬರೇ.

ಹನೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡದ ಮೇಡಂ, ಅವರು ಭೂಗೋಳ. ಅವರ ಊರು ಶಾಗ್ಯದ ಹತ್ತಿರ. ಊರ ಹಿಂದೆ ಒಂದು ಕುಳ್ಳ ಗುಡ್ಡ, ಅದರ ಬೆನ್ನಿಗೆ ಪಕ್ಕದೂರಿನ ದೊಡ್ಡ ಬೆಟ್ಟ. ಕಾರ್ತೀಕದಲ್ಲಿ ಬೆಟ್ಟದ ನೆತ್ತಿಗೆ ದೀಪ ಹಚ್ಚುತ್ತಾರೆ. ಕುಳ್ಳ ಗುಡ್ಡಕ್ಕೆ ದೀಪವಿಲ್ಲ. ಅದು ಬೆಟ್ಟದ ಮರಿ, ತಾಯಿಗೆ ಹಚ್ಚಿದರೆ ಮರಿಗೂ ಹಚ್ಚಿದಂತೆ ಎಂಬುದು ಹಿಂದಿನವರ ಮಾತು. ಹಾಗಾಗಿ ಮೇಷ್ಟ್ರ ಊರಿನವರು ಎಣ್ಣೆ ಹೊತ್ತುಕೊಂಡು ಪಕ್ಕದೂರಿನ ಬೆಟ್ಟಕ್ಕೇ ಹೋಗಬೇಕು. ಆ ಪಕ್ಕದೂರು ಬೇರೆ ಅವರ ಹೆಂಡತಿಯ ತವರು! ಭಾವಮೈದ ಸಿಕ್ಕಾಗಲೆಲ್ಲ ಮರಿ ಚೆನ್ನಾಗಿದೆಯಾ, ಮೇವು ಹಾಕುತ್ತಿದ್ದೀರಾ ಎಂದು ಕಿಚಾಯಿಸುತ್ತಿದ್ದ. ನಗುವ ಮಾತೇ. ಆದರೆ ಮೇಷ್ಟ್ರಿಗೆ ಅದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ.

ಒಂದು ದಿನ ಎಲ್ಲೋ ಓದಿಕೊಂಡು ಬಂದರು. ವೇಲ್ಸ್ ಎಂಬಲ್ಲಿ ಸಣ್ಣಪುಟ್ಟ ಗುಡ್ಡಗಳನ್ನೂ ಬಿಡದೆ ಅಳೆದು ವಿಂಗಡಿಸುವ ಹುಚ್ಚರಿದ್ದಾರಂತೆ. ಗುಡ್ಡ ಎಷ್ಟು ಎತ್ತರ ಎಂಬುದಲ್ಲ, ಪಕ್ಕದ ದೊಡ್ಡದಕ್ಕೆ ಹೋಗಲು ನಡುವೆ ಎಷ್ಟು ಇಳಿಯಬೇಕು ಎಂಬುದೇ ಅವರ ಲೆಕ್ಕವಂತೆ. ಮೂವತ್ತು ಮೀಟರ್ ಇಳಿಯಬೇಕಾದರೆ ಅದು ಸ್ವತಂತ್ರ ಗುಡ್ಡ, ಇಲ್ಲದಿದ್ದರೆ ದೊಡ್ಡದರ ಭುಜ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು... ಮಗಳಿಗೆ ಗಂಡು ಗೊತ್ತಾದವರ ಹಾಗೆ!

ಬಂದ ಭಾನುವಾರವೇ ಅಳತೆ. ಒಬ್ಬ ಮೇಸ್ತ್ರಿಯ ಕೈಕಾಲು ಹಿಡಿದು ಲೆವೆಲ್ ಪೈಪು ತಂದಿದ್ದರು. ಪೈಪಿನ ಇನ್ನೊಂದು ತುದಿ ಹಿಡಿಯಲು ನಾನು ಹೋದೆ, ನೋಡೋಣ ಎಂದು ಭಾವಮೈದನೂ ಬಂದ. ಗುಡ್ಡಕ್ಕೂ ಬೆಟ್ಟಕ್ಕೂ ನಡುವಿನ ತಗ್ಗನ್ನು ಕಾಲುದಾರಿ ದಾಟುವ ಕಡೆಯಿಂದ ಶುರುಮಾಡಿ, ಒಂದೊಂದೇ ಆಳೆತ್ತರ ಮೇಲಕ್ಕೆ ಮಟ್ಟ ಹಿಡಿಯುತ್ತಾ ನೆತ್ತಿ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಲೆಕ್ಕ ಹಾಕಿದರೆ ಮೂವತ್ತು ಮೀಟರಿಗೆ ಒಂದು ಆಳೆತ್ತರ ಕಡಿಮೆ! ನನಗೆ ಕಾಲು ನೋವು, ಜೊತೆಗೆ ಸಿಟ್ಟು. ಪೈಪಿನಲ್ಲಿ ಅಳೆದದ್ದು, ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಮೂವತ್ತು ಎಂದುಬಿಡಿ ಎಂದೆ.

ಮೇಷ್ಟ್ರು ಪೈಪಿನ ನೀರು ಚೆಲ್ಲುತ್ತಾ ಹೇಳಿದರು: “ಗುಡ್ಡಕ್ಕೆ ಗ್ರೇಸ್ ಮಾರ್ಕ್ಸ್ ಕೊಡಕ್ಕಾಯ್ತದಾ ಮೇಡಮ್ಮೋರೆ?”

ಅವತ್ತು ಭಾವಮೈದ ಕೂಡ ನಗಲಿಲ್ಲ. ಮೇಷ್ಟ್ರು ಆಮೇಲೆ ಆ ಮಾತು ಎತ್ತಲಿಲ್ಲ. ಪ್ರತಿ ಕಾರ್ತೀಕದಲ್ಲೂ ಎಣ್ಣೆ ಹೊತ್ತು ದೊಡ್ಡ ಬೆಟ್ಟ ಹತ್ತಿದರು. ನಿವೃತ್ತರಾದ ಮೇಲೆ ಬಹಳ ದಿನ ಉಳಿಯಲಿಲ್ಲ...

ಈಗ ಕೊಳ್ಳೇಗಾಲ, ಹನೂರು, ಯಳಂದೂರಿನ ನಾವು ಕೆಲವರು ಸೇರಿ ನಮ್ಮ ಸೀಮೆಯ ಸಣ್ಣ ಗುಡ್ಡಗಳನ್ನು ಅದೇ ಮೂವತ್ತು ಮೀಟರಿನ ಲೆಕ್ಕದಲ್ಲಿ ವಿಂಗಡಿಸುತ್ತಿದ್ದೇವೆ. ಹುಚ್ಚು ಅಂಟುರೋಗ ನೋಡಿ. ನಮಗೆ ಪೈಪು ಬೇಡ. ಡ್ರೋನಿನಿಂದ ಲೇಸರ್ ಬಿಟ್ಟು ಅಳೆದ ಹೊಸ ಎತ್ತರಗಳಿವೆ, ಆ ಲೇಸರ್ ಪೊದೆಯ ಸಂದಿಯಲ್ಲಿ ನುಗ್ಗಿ ನೆಲ ಮುಟ್ಟುತ್ತದೆ. ಆ ಎತ್ತರಗಳನ್ನು ಓದುವುದನ್ನು ನಮ್ಮ ಗುಂಪಿನ, ಮಾಂಬಳ್ಳಿಯ ಇಂಜಿನಿಯರ್ ಹುಡುಗಿ ನನಗೆ ಕಲಿಸಿದ್ದಾಳೆ. ಮೇಷ್ಟ್ರ ಗುಡ್ಡವನ್ನು ಮಾತ್ರ ನಾನು ಕಂಪ್ಯೂಟರಿನಲ್ಲಿ ತೆರೆದೇ ಇರಲಿಲ್ಲ. ಇನ್ನೊಂದು ಸಲ ಫೇಲ್ ಆಗುವುದನ್ನು ಯಾಕೆ ನೋಡಲಿ ಎಂದು. ಮೊನ್ನೆ ಪೈಪು ಕಂಡ ಮೇಲೆ ತಡೆಯಲಾಗಲಿಲ್ಲ.

ಗುಡ್ಡ ಪಾಸಾಗಿತ್ತು.

ನಂಬಿಕೆ ಬರದೆ ಮತ್ತೆ ಮತ್ತೆ ನೋಡಿದೆ. ಕಾಲುದಾರಿಯಿಂದ ನೆತ್ತಿಗೆ ಅವರು ಅಳೆದಷ್ಟೇ ಇತ್ತು. ಬದಲಾಗಿದ್ದು ತಗ್ಗು. ಅತಿ ತಗ್ಗಿನ ಜಾಗ ಕಾಲುದಾರಿಯಲ್ಲಿರಲಿಲ್ಲ, ಪಕ್ಕದ ಪೊದೆಯೊಳಗೆ, ಆಳೆತ್ತರಕ್ಕೂ ಮಿಕ್ಕಿ ಕೆಳಗಿತ್ತು. ಆ ಪೊದೆಯಲ್ಲಿ ನಾಗರ ಹುತ್ತವಿದೆ. ಎರಡೂ ಊರಿನವರು ಅಲ್ಲಿಗೆ ಕಾಲಿಡುವುದಿಲ್ಲ. ಕಾಲುದಾರಿ ಕೂಡ ಹುತ್ತವನ್ನು ಬಿಟ್ಟು, ತುಸು ಮೇಲಕ್ಕೇರಿ ಸುತ್ತಿಹೋಗುತ್ತದೆ. ಅವತ್ತು ನಾವೆಲ್ಲ ಅಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು, ದಾರಿಯಿಂದಲೇ ಪೈಪು ಹಿಡಿದಿದ್ದೆವು. ಒಳಗೆ ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ಪಾಪ, ಡ್ರೋನಿಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಯಾರಿಗೆ ಮೊದಲು ಹೇಳಬೇಕಿತ್ತೋ ಅವರೇ ಇಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಭಾವಮೈದನ ಮನೆಗೆ ಹೋದೆ. ಈಗ ಅವನಿಗೂ ವಯಸ್ಸಾಗಿದೆ, ಮಂಡಿ ನೋವು. ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಮಗನನ್ನು ಕರೆದು, ಈ ಸಲದ ಕಾರ್ತೀಕಕ್ಕೆ ಎಷ್ಟು ಎಣ್ಣೆ ಹೇಳಿದ್ದೀಯಾ ಎಂದು ಕೇಳಿದ. ಅಷ್ಟು ಸಾಲದು, ಇನ್ನೊಂದು ಕ್ಯಾನು ಹೇಳು ಎಂದ.

ನಾನು ಹೊರಡುವಾಗ ಕೋಲೂರಿಕೊಂಡು ಬಾಗಿಲವರೆಗೂ ಬಂದ.

“ಮೊದ್ಲು ನಮ್ ಬಾವುನ್ ಗುಡ್ಡಕ್ಕೆ ದೀಪ ಅಚ್ಚಾನ ಕಣಮ್ಮ,” ಎಂದ. “ನಮ್ದು ಕಾಯ್ಲಿ.”